ತುಪ್ಪ ಹತ್ತಿದ ಬೆರಳು

ಮುರಾರಿ ರಾಯರು ಮೊಬೈಲನ್ನು ಮೂಸಿದರು.

ಒಮ್ಮೆ ಮೂಸಿ ಬಿಡುವ ಜಾಯಮಾನ ಅವರದಲ್ಲ. ಮುಂದಿನಿಂದ, ಹಿಂದಿನಿಂದ, ಚಾರ್ಜರ್ ಚುಚ್ಚುವ ತೂತಿನ ಹತ್ತಿರ, ಹೀಗೆ ಮಾವಿನ ಹಣ್ಣು ಆರಿಸುವವರ ಹಾಗೆ ತಿರುಗಿಸಿ ತಿರುಗಿಸಿ ಮೂಸಿದರು. ಆ ಮೂಗು ಅಂತಿಂಥ ಮೂಗಲ್ಲ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸದಲ್ಲಿದ್ದಾಗ, ಸುಟ್ಟುಹೋದ ಅಂಗಡಿಯ ಬೂದಿ ಮೂಸಿ, ಬೆಂಕಿ ಹಚ್ಚಿದವನು ಯಾವ ಬೀಡಿ ಸೇದುತ್ತಾನೆಂದು ಹೇಳಿದ ಮೂಗು. ಕಲ್ಯಾಣದಿಂದ ಕರ್ಜತ್‌ವರೆಗಿನ ಕಳ್ಳರೆಲ್ಲ ಆ ಮೂಗು ನಿವೃತ್ತಿಯಾದ ದಿನ ಪೇಢೆ ಹಂಚಿದರಂತೆ. ಪಾಪ, ಅವರಿಗೆ ಗೊತ್ತಿರಲಿಲ್ಲ. ಮಾರನೆಯ ದಿನವೇ ಡೊಂಬಿವಲಿಯ ಫ್ಲ್ಯಾಟಿನ ಬಾಗಿಲಿಗೆ ‘ಖಾಸಗಿ ತನಿಖೆ’ ಎಂಬ ಬೋರ್ಡು ಬಿದ್ದಿತ್ತು.

“ತುಪ್ಪ,” ಎಂದರು ರಾಯರು.

“ಕಾಯ್? ಏನು?” ಎದುರಿಗೆ ಕೂತಿದ್ದ ಸೌಜನ್ಯ ಮುಂದೆ ಬಾಗಿದಳು. “ಮಾಮ, ನನ್ನ ಫೋನಿಗೆ ತುಪ್ಪ ಎಲ್ಲಿಂದ? ನಾನು ತುಪ್ಪ ಮುಟ್ಟುವುದೇ ಇಲ್ಲ. ಡಯಟ್.”

“ನೀನು ಮುಟ್ಟುವುದಿಲ್ಲ. ಮುಟ್ಟಿದವರು ಬೇರೆ. ನೋಡು ಇಲ್ಲಿ, ಈ ರಬ್ಬರ್ ಕವರಿನ ಮೂಲೆ. ಹೆಪ್ಪುಗಟ್ಟಿ ಕೂತಿದೆ. ಮನೆಯಲ್ಲಿ ಕಾಯಿಸಿದ ತುಪ್ಪ ಮಗಾ ಇದು, ಪ್ಯಾಕೆಟಿನದ್ದಲ್ಲ.”

ಸೌಜನ್ಯ ಮೇಲಿನ ಮಹಡಿಯ ಜಯಲತಾಳ ಮಗಳು. ನವಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಹೃದ್ರೋಗದ ಸಂಶೋಧನೆ ಮಾಡುವ ಡಾಕ್ಟರು. ಬೇಲಾಪುರದ ಒಂದು ಖಾಸಗಿ ಫೌಂಡೇಶನ್ ಕೊಡುವ ಫೆಲೋಶಿಪ್ಪಿಗೆ ಅರ್ಜಿ ಹಾಕಿದ್ದಳು. ಪಟ್ಟಿಯಲ್ಲಿ ಅವಳ ಹೆಸರೇ ಮೊದಲು. ಮೊನ್ನೆ ಶನಿವಾರ ಅವಳ ಮನೆಯಲ್ಲಿ ಪೂಜೆಯ ಊಟ ನಡೆದಿದ್ದ ಹೊತ್ತಿಗೆ ಫೌಂಡೇಶನ್ನಿನಿಂದ ವಾಟ್ಸಾಪ್ ಬಂದಿತ್ತು: ಸಂದರ್ಶನಕ್ಕೆ ಬರುವುದಾದರೆ ಒಂದು ಒತ್ತಿ, ಅರ್ಜಿ ವಾಪಸ್ ಪಡೆಯುವುದಾದರೆ ಎರಡು ಒತ್ತಿ. ಯಾರೋ ಎರಡು ಒತ್ತಿದ್ದರು. ಒತ್ತಿ, ಸಂದೇಶವನ್ನೂ ಅಳಿಸಿದ್ದರು.

ಸೌಜನ್ಯ ಫೌಂಡೇಶನ್ನಿಗೆ ಫೋನು ಮಾಡಿ ಅತ್ತಿದ್ದಳು, ಜಗಳವಾಡಿದ್ದಳು, ಮತ್ತೆ ಅತ್ತಿದ್ದಳು. ಅವರದು ಒಂದೇ ಮಾತು. ಒತ್ತಿದ್ದು ನೀವಲ್ಲವಾದರೆ ಒತ್ತಿದವರನ್ನು ಕರೆತನ್ನಿ, ಅವರ ಬಾಯಿಂದಲೇ ಕೇಳುತ್ತೇವೆ. ನಾಳೆ ಬೆಳಿಗ್ಗೆ ಸಂದರ್ಶನ. ಆಮೇಲೆ ಪಟ್ಟಿಯ ಎರಡನೆಯ ಹೆಸರನ್ನು ಕರೆಯುತ್ತೇವೆ.

“ಇವರದ್ದೊಂದು ಮೂಗು!” ಎಂದು ಕಾಫಿ ತಂದ ಹೆಂಡತಿ ಮುಕ್ತಾ ಬಾಗಿಲಲ್ಲೇ ಒಂದು ಗಳಿಗೆ ನಿಂತಳು. ಗೋಡೆಗೆ ಕೈ ಕೊಟ್ಟು ಉಸಿರು ತೆಗೆದುಕೊಂಡು, ಆಮೇಲೆ ಒಳಗೆ ಬಂದಳು. “ಊಟದ ದಿನ ತುಪ್ಪದ ವಾಸನೆ ಬರದೆ ಡೀಸೆಲ್ ವಾಸನೆ ಬರ್ತದಾ? ಎಲ್ಲರ ಫೋನೂ ಪ್ಯಾಸೇಜಿನಲ್ಲಿ ಚಪ್ಪಲಿ ಕಪಾಟಿನ ಮೇಲೆ ರಾಶಿ ಬಿದ್ದಿತ್ತು. ಇವಳ ಅಜ್ಜ ಮಡಿ ಮಡಿ ಅಂತ ಬೊಬ್ಬೆ ಹೊಡೆದು ಹೊರಗೆ ಇಡಿಸಿದ್ದಲ್ವಾ.”

“ಅದೇ ನಾನೂ ಹೇಳುವುದು,” ಎಂದರು ರಾಯರು. “ಊಟಕ್ಕೆ ಕೂತವರ ಬೆರಳಿಗೆ ತುಪ್ಪ ಹತ್ತುತ್ತದೆ. ಅವರಲ್ಲೇ ಒಬ್ಬ ಎದ್ದು ಹೋಗಿದ್ದಾನೆ. ಪಂಕ್ತಿ ಏಳುವ ಮೊದಲು ಎದ್ದ ಒಬ್ಬ!”

“ನೀವೂ ಅದೇ ಸಾಲಿನಲ್ಲಿ ಕೂತಿದ್ದಿರಲ್ಲ. ನೋಡಬಹುದಿತ್ತು.”

ರಾಯರು ಕಾಫಿ ಲೋಟದೊಳಗೆ ಮುಖ ಇಟ್ಟರು. ಮುಂಬಯಿ ಪ್ರಾಂತದ ಅತಿ ದೊಡ್ಡ ಪತ್ತೇದಾರ, ಅಪರಾಧ ನಡೆದ ಜಾಗದಿಂದ ಕೂಗಳತೆಯಲ್ಲೂ ಅಲ್ಲ, ತೇಗಿನಳತೆಯಲ್ಲಿ ಕೂತಿದ್ದ. ಆದರೆ ಎಲೆಯ ಮುಂದೆ ಕೂತ ಮೇಲೆ ರಾಯರು ಎಂದೂ ತಲೆ ಎತ್ತಿದವರಲ್ಲ. ಬಡಿಸುವವರ ಕೈ ಕಾಣುತ್ತದೆ, ಪಾತ್ರೆ ಕಾಣುತ್ತದೆ. ಮುಖ ಯಾರಿಗೆ ಬೇಕು? ಆ ದಿನ ಅವರಿಗೆ ನೆನಪಿದ್ದದ್ದು ಒಂದೇ. ತುಪ್ಪ ಬಡಿಸಿದ ಕೈ ಅರ್ಧ ಚಮಚ ಹಾಕಿ, ಅವರು “ಇನ್ನೂ” ಎನ್ನುವಷ್ಟರಲ್ಲಿ ಮುಂದಿನ ಎಲೆಗೆ ಹೋಗಿಬಿಟ್ಟಿತ್ತು. ಆ ದುಃಖ ಇನ್ನೂ ಆರಿರಲಿಲ್ಲ.

“ಬಿಟ್ಟುಬಿಡಬಾರದಾ ಇವರೇ,” ಎಂದಳು ಮುಕ್ತಾ. “ನಮ್ಮವರ ನಮ್ಮವರ ಊಟ. ಯಾರ ಹೆಸರು ಬಂದರೂ ಒಂದು ಮನೆ ಒಡೀತದೆ. ದೀಪಾವಳಿ ಕಳೆದ ಕೂಡಲೇ ನಮ್ಮ ಸಮಿತ್‌ನ ಮದುವೆ ಉಂಟು. ಮಗನ ಮದುವೆ ಎದುರಿಗಿಟ್ಟುಕೊಂಡು ಊರವರ ನಿಷ್ಠುರ ಯಾಕೆ?”

ಖಾಲಿ ಲೋಟ ತೆಗೆದುಕೊಳ್ಳಲು ಅವಳು ಕೈ ಚಾಚಿದಾಗ ಮೊಣಕೈಯ ಕೆಳಗಿನ ಹಳೆಯ ಸುಟ್ಟ ಕಲೆ ಕಂಡಿತು. ಮದುವೆಯಾದ ಹೊಸತರಲ್ಲಿ, ಕಲ್ಯಾಣದಲ್ಲಿದ್ದ ರಾಯರ ತಂದೆಯ ಹೋಟೆಲಿನಲ್ಲಿ ಇಡ್ಲಿ ಪಾತ್ರೆಯ ಕಂಠ ತಾಗಿ ಆದದ್ದು. ಆ ಕಲೆಗೆ ಎಣ್ಣೆ ಸವರಿದ ರಾತ್ರಿಯಿಂದಲೇ ತಮ್ಮ ಸಂಸಾರ ನಿಜವಾಗಿ ಶುರುವಾದದ್ದು ಎಂದು ರಾಯರು ಲೋಕಲ್ ಗಾಡಿಯಲ್ಲಿ ಗುರುತಿಲ್ಲದವರಿಗೂ ಹೇಳುತ್ತಿದ್ದರು.

“ಬಿಡುವುದಾ? ಈ ಮುರಾರಿ ಬಿಟ್ಟ ಕೇಸು ಇಡೀ ಠಾಣೆ ಜಿಲ್ಲೆಯಲ್ಲಿ ಒಂದು ತೋರಿಸು! ಹೊರಡು ಸೌಜನ್ಯಾ. ಕೋಪರಖೈರಣೆ.”

ಮುಕ್ತಾ ಸೌಜನ್ಯಳ ಕಡೆ ನೋಡಿದಳು. ಸೌಜನ್ಯ ಬ್ಯಾಗಿನ ಜಿಪ್ ಎಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

*

ಡೊಂಬಿವಲಿಯಲ್ಲಿ ಯಾರೂ ಲೋಕಲ್ ಹತ್ತುವುದಿಲ್ಲ. ಲೋಕಲ್ಲೇ ಜನರನ್ನು ಸೆಳೆದುಕೊಂಡು ನುಂಗಿ, ಠಾಣೆ ಸ್ಟೇಷನ್ನಿನಲ್ಲಿ ಅರ್ಧ ಜೀರ್ಣವಾದವರನ್ನು ಉಗುಳುತ್ತದೆ. ರಾಯರ ಒಂದು ಕಾಲು ದಿವಾ ಸ್ಟೇಷನ್ ಬರುವವರೆಗೆ ನೆಲಕ್ಕೆ ತಾಗಲಿಲ್ಲ. ಇನ್ನೊಂದು ಕಾಲು ಯಾರದೋ ಡಬ್ಬಿಯ ಚೀಲದೊಳಗೆ ಇತ್ತು. ಅಂಥ ಸ್ಥಿತಿಯಲ್ಲೂ ಅವರ ಮೆದುಳು ಮಾತ್ರ ಫಾಸ್ಟ್ ಗಾಡಿಯ ಹಾಗೆ ಎಲ್ಲೂ ನಿಲ್ಲದೆ ಓಡುತ್ತಿತ್ತು.

ಲೇಡಿಸ್ ಡಬ್ಬಿಯಿಂದ ಇಳಿದ ಸೌಜನ್ಯ ಠಾಣೆಯಲ್ಲಿ, ಟ್ರಾನ್ಸ್-ಹಾರ್ಬರ್ ಪ್ಲಾಟ್‌ಫಾರಮ್ಮಿನ ಮೆಟ್ಟಿಲ ಹತ್ತಿರ ಸಿಕ್ಕಿದಳು.

“ಪಟ್ಟಿಯಲ್ಲಿ ಎರಡನೆಯವನು ಯಾರು? ಇನ್ನೊಮ್ಮೆ ಹೇಳು.”

“ಕೀರ್ತನ್. ನಮ್ಮ ಮಧ್ವೇಶ ಸರ್‌ನ ತಂಗಿ ಮಗ. ಆದರೆ ಮಾಮ, ಶನಿವಾರ ಅವನು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ. ಪಕ್ಕಾ. ನಾನೇ ಚೆಕ್ ಮಾಡಿದ್ದೇನೆ.”

“ಅವನಿಲ್ಲದಿದ್ದರೆ ಮಾವ ಇದ್ದನಲ್ಲ! ನಿನ್ನ ಗೈಡು, ಅವನ ಮಾವ, ನಿಮ್ಮ ಮನೆಯ ಊಟದ ಅತಿಥಿ. ಒಬ್ಬನೇ ಮನುಷ್ಯ ಮೂರು ಟೋಪಿ ಹಾಕಿಕೊಂಡರೆ ಒಂದಾದರೂ ಕಳ್ಳನದ್ದೇ. ಫೋನಿಗೆ ಬೀಗ ಇರಲಿಲ್ಲವಾ?”

“ಇದೆ. ಮೇಲಿಂದ ಕೆಳಗೆ ಎಳೆದು ಬಲಕ್ಕೆ ತಿರುಗಿಸಿದರೆ ಓಪನ್.”

“ಅದು ನಮ್ಮ ಬಿಲ್ಡಿಂಗಿನ ಬೆಕ್ಕಿಗೂ ಗೊತ್ತುಂಟು.”

ಸೌಜನ್ಯ ನಗಲಿಲ್ಲ. “ಈ ಫೆಲೋಶಿಪ್ ಹೋದರೆ ನನ್ನ ಕೆಲಸ ಒಂದೇ ಹೋಗುವುದಲ್ಲ ಮಾಮ. ಕ್ಯಾಂಪ್ ಮಾಡಿ ಅಷ್ಟು ಹೆಂಗಸರ ರಕ್ತ ತೆಗೆದಿದ್ದೇನಲ್ಲ, ಅದೆಲ್ಲ ಆಸ್ಪತ್ರೆಯ ಫ್ರೀಜರಿನಲ್ಲಿದೆ. ಪ್ರಾಜೆಕ್ಟ್ ನಿಂತರೆ ಜಾಗ ಖಾಲಿ ಮಾಡಿ ಅಂತಾರೆ. ಚೆಲ್ಲಿಬಿಡ್ತಾರೆ.”

“ಎಂಥ ಕಾಯಿಲೆ ಅದು? ನನಗೆ ಅರ್ಥವಾಗುವ ಹಾಗೆ ಹೇಳು.”

“ಹೃದಯದ್ದು. ಹೊರಗೆ ಏನೂ ಕಾಣುವುದಿಲ್ಲ. ವಯಸ್ಸಾಯ್ತು, ಸುಸ್ತು, ಮೆಟ್ಟಿಲು ಜಾಸ್ತಿ ಅಂತ ಹೆಂಗಸರು ಸುಮ್ಮನಿದ್ದುಬಿಡ್ತಾರೆ. ಅಮ್ಮನಿಂದ ಮಕ್ಕಳಿಗೂ ಬರಬಹುದು. ಅದಕ್ಕೇ ದುಡ್ಡು ಸಿಕ್ಕಿದರೆ ಮುಂದಿನ ಹಂತದಲ್ಲಿ ರಕ್ತದಲ್ಲಿ ಗುರುತು ಸಿಕ್ಕಿದವರ ಮನೆಗೇ ಹೋಗಬೇಕು. ಗಂಡ, ಮಕ್ಕಳು ಎಲ್ಲರನ್ನೂ ಕೂರಿಸಿ ಹೇಳಿ, ಎಲ್ಲರ ಟೆಸ್ಟ್ ಮಾಡಬೇಕು.”

“ಸಿಕ್ಕಿದೆಯಾ ಗುರುತು, ಯಾರಲ್ಲಾದರೂ?”

ವಾಶಿ ಗಾಡಿ ಬಂತು. ಸೌಜನ್ಯ ಉತ್ತರ ಕೊಡದೆ ಲೇಡಿಸ್ ಡಬ್ಬಿಯ ಕಡೆ ಓಡಿದಳು. ಗಾಡಿಯ ಗಡಿಬಿಡಿ ಎಂದುಕೊಂಡರು ರಾಯರು. ಎಲ್ಲರನ್ನೂ ಶಂಕಿಸುವ ಆ ಮಹಾನುಭಾವರು ಆ ಒಂದು ಓಟವನ್ನು ಮಾತ್ರ ಶಂಕಿಸಲಿಲ್ಲ.

*

ಕೋಪರಖೈರಣೆಯಲ್ಲಿ ಡಾಕ್ಟರ್ ಮಧ್ವೇಶರ ಮನೆಯ ಸೋಫಾ ಎಷ್ಟು ಮೆತ್ತಗಿತ್ತೆಂದರೆ, ಅದರಲ್ಲಿ ಕೂತ ರಾಯರು ಮೊಣಕಾಲುಗಳ ನಡುವಿನಿಂದ ಜಗತ್ತನ್ನು ನೋಡಬೇಕಾಯಿತು. ಅಪರಾಧಿಗಳು ಇಂಥ ಸೋಫಾವನ್ನು ಬೇಕೆಂದೇ ಇಡುತ್ತಾರೆ. ರಾಯರು ಎದ್ದು, ಊಟದ ಮೇಜಿನ ಗಟ್ಟಿ ಕುರ್ಚಿ ಎಳೆದು ಕೂತರು. ಸೌಜನ್ಯ ಬಾಗಿಲ ಪಕ್ಕದಲ್ಲೇ ನಿಂತಳು.

“ಸೌಜನ್ಯಾ, ಇದೆಲ್ಲ ಏನಮ್ಮ?” ಮಧ್ವೇಶರು ಕನ್ನಡಕ ಒರೆಸಿದರು. “ಆದದ್ದಕ್ಕೆ ನನಗೂ ಬೇಜಾರಿದೆ. ಮುಂದಿನ ವರ್ಷ ಮತ್ತೆ ಅಪ್ಲೈ ಮಾಡು. ರಾಯರೇ, ನೀವು ಹಿರಿಯರು. ನೀವೇ ಸಮಾಧಾನ ಹೇಳಬೇಕು.”

“ಹೇಳುವಾ ಡಾಕ್ಟರೇ. ಮೊದಲು ಸ್ವಲ್ಪ ಊಟದ ಮಾತಾಡುವಾ. ಶನಿವಾರ ನೀವು ಎಲ್ಲಿ ಕೂತಿದ್ದಿರಿ?”

“ಸಾಲಿನ ಕೊನೆಗೆ. ಕಿಟಕಿ ಹತ್ತಿರ.”

“ಇಡೀ ಊಟ ಮುಗಿಸಿದಿರಾ?”

“ಇದೆಂಥ ಪ್ರಶ್ನೆ! ಜಯಲತಕ್ಕನ ಅಡುಗೆ ಬಿಟ್ಟು ಏಳಲಿಕ್ಕೆ ನನಗೇನು ಹುಚ್ಚಾ?”

“ಅದೂ ಸರಿಯೇ. ನನಗಂತೂ ಆ ಪಾಯಸ ಇನ್ನೂ ಕನಸಿನಲ್ಲಿ ಬರ್ತದೆ. ನಿಮಗೆ ಯಾವುದು ಹಿಡಿಸಿತು?”

ಮಧ್ವೇಶರು ಮೊದಲ ಬಾರಿ ನಕ್ಕರು. “ಅದನ್ನು ಕೇಳಬೇಕಾ? ಗುಳ್ಳದ ಕೊದ್ದೆಲು! ಊರಿಂದ ಬಸ್ಸಿನಲ್ಲಿ ಗುಳ್ಳ ಬದನೆ ತರಿಸಿ ಮಾಡುವ ಅವರ ಕೊದ್ದೆಲಿಗೆ ಸಮ ಉಂಟಾ ಈ ಮುಂಬಯಿಯಲ್ಲಿ? ಎರಡು ಸಲ ಹಾಕಿಸಿಕೊಂಡೆ.”

ಸೌಜನ್ಯ ತಟ್ಟನೆ ತಲೆ ಎತ್ತಿದಳು. ರಾಯರು ಕುರ್ಚಿಯಿಂದ ಎದ್ದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಒಂದು ತಿಂಗಳು ಮುಂದೆ ಹೋಯಿತು.

“ಡಾಕ್ಟರೇ, ಇದು ಯಾವ ತಿಂಗಳು?”

“ಜುಲೈ.”

“ಆ ತಿಂಗಳಲ್ಲ ಮಾರಾಯರೇ. ಚಾತುರ್ಮಾಸ್ಯ! ಅದರ ಮೊದಲ ತಿಂಗಳು! ವ್ರತ ಹಿಡಿದ ಮನೆಯಲ್ಲಿ ಈ ತಿಂಗಳು ಪೂರ್ತಿ ತರಕಾರಿ ಇಲ್ಲ. ಸೌಜನ್ಯಳ ಅಜ್ಜ ಊರಿಂದ ಬಂದು ಕೂತ ಮೇಲೆ ಆ ಅಡುಗೆಮನೆಗೆ ಒಂದು ಕೊತ್ತಂಬರಿ ಸೊಪ್ಪಿನ ಎಸಳೂ ಕಾಲಿಟ್ಟಿಲ್ಲ. ಶನಿವಾರ ಬಡಿಸಿದ್ದು ಹೆಸರುಬೇಳೆ ತೊವ್ವೆ, ಕಾಳುಮೆಣಸಿನ ಸಾರು, ಉದ್ದಿನ ಹಿಟ್ಟು, ಗೋಧಿ ಪಾಯಸ. ನಿಮ್ಮ ಎಲೆಗೆ ಮಾತ್ರ ಗುಳ್ಳ ಆಕಾಶದಿಂದ ಬಿತ್ತಾ?”

ಮಧ್ವೇಶರ ಕೈಯಲ್ಲಿದ್ದ ಕನ್ನಡಕ ಮೇಜಿನ ಮೇಲೆ ಬಿತ್ತು.

“ಹೊರಗಿನವನಾಗಿದ್ದರೆ ‘ಏನೋ ದಾಲು, ಚಾವಲು ತಿಂದೆ’ ಎಂದು ಹೇಳಿ ಪಾರಾಗುತ್ತಿದ್ದ,” ರಾಯರು ಈಗ ಆಕಾಶವಾಣಿಯಾಗಿದ್ದರು. ಕೆಳಗಿನ ಬೀದಿಯ ಭಾಜಿ-ತರಕಾರಿ ಮಾರುವವರೂ ತಕ್ಕಡಿ ಹಿಡಿದು ಕೇಳುತ್ತಿದ್ದಿರಬೇಕು. “ಆ ಮನೆಯ ಊಟ ವರ್ಷಾನುಗಟ್ಟಲೆ ಉಂಡವನಾದ್ದಕ್ಕೇ ನಿಮ್ಮ ಬಾಯಲ್ಲಿ ಗುಳ್ಳ ಬಂತು. ನೀವು ಉಣ್ಣಲಿಲ್ಲ. ಸಾಲಿನಲ್ಲಿ ಕೂರಲೇ ಇಲ್ಲ. ಎಲ್ಲರೂ ಎಲೆ ನೋಡುತ್ತಿದ್ದಾಗ ನೀವು ಪ್ಯಾಸೇಜಿನಲ್ಲಿ ಸೌಜನ್ಯಳ ಫೋನು ತೆಗೆದು ಎರಡು ಒತ್ತಿದಿರಿ. ತಂಗಿಯ ಮಗನಿಗೆ ಜಾಗ ಮಾಡಿಕೊಟ್ಟಿರಿ. ಹೌದೋ ಅಲ್ಲವೋ?”

“ಸರ್?” ಸೌಜನ್ಯಳ ಧ್ವನಿ ಸಣ್ಣದಾಗಿತ್ತು. “ಸರ್, ನೀವಾ?”

ಮಧ್ವೇಶರು ಕನ್ನಡಕ ಎತ್ತಿ ಹಾಕಿಕೊಂಡರು.

“ಉಣ್ಣಲಿಲ್ಲ. ಒಪ್ಪಿದೆ. ಲಿಫ್ಟಿನ ಹತ್ತಿರ ನಿಂತು ಫೋನಿನಲ್ಲಿದ್ದೆ. ಫೌಂಡೇಶನ್ನಿನ ಒಬ್ಬರು ನನ್ನ ಹಳೆಯ ಸ್ನೇಹಿತರು. ಕೀರ್ತನ್‌ನನ್ನು ಮೊದಲು ನೋಡಿ ಎಂದು ಅವರ ಹತ್ತಿರ ಹೇಳುತ್ತಿದ್ದೆ. ನಿನ್ನದೇ ಮನೆಯ ಬಾಗಿಲಲ್ಲಿ ನಿಂತು ಹೇಳಿದೆ ಸೌಜನ್ಯಾ. ಅದು ನಾಚಿಕೆಗೇಡು, ನನಗೆ ಗೊತ್ತಿದೆ. ಅದಕ್ಕೇ ಸುಳ್ಳು ಹೇಳಿದೆ. ಆದರೆ ಫೋನು ಮುಟ್ಟಿದ್ದು ನಾನಲ್ಲ.”

“ಕವರಿನ ಮೇಲಿನ ತುಪ್ಪ ಬೇರೆ ಹೇಳುತ್ತದೆ!” ರಾಯರು ಫೋನನ್ನು ಕತ್ತಿಯಂತೆ ಎತ್ತಿ ಹಿಡಿದರು.

“ತುಪ್ಪವಾ?” ಡಾಕ್ಟರರ ತುಟಿಯಲ್ಲಿ ಸಣ್ಣ ನಗು ಬಂತು, ಚಳಿ ಹುಟ್ಟಿಸುವಂಥದ್ದು. “ರಾಯರೇ, ನಾನು ಊಟಕ್ಕೇ ಕೂರಲಿಲ್ಲ ಎಂದು ಈಗಷ್ಟೇ ನೀವೇ ಸಾಧಿಸಿದಿರಿ. ಉಣ್ಣದವನ ಬೆರಳಿಗೆ ತುಪ್ಪ ಎಲ್ಲಿಂದ ಬರಬೇಕು?”

ಕತ್ತಿ ನಿಧಾನಕ್ಕೆ ಕೆಳಗಿಳಿಯಿತು.

ಸಹ್ಯಾದ್ರಿಯನ್ನೇ ಅಲುಗಾಡಿಸಬಲ್ಲ ಆ ಮೆದುಳು ಒಮ್ಮೆ ಮುಗ್ಗರಿಸಿ ಮತ್ತೆ ಎದ್ದಿತು. ಉಂಡವರು ಯಾರೂ ಪಂಕ್ತಿ ಬಿಟ್ಟು ಏಳಲಿಲ್ಲ. ಎದ್ದಿದ್ದರೆ ಅಜ್ಜ ಬಿಲ್ಡಿಂಗು ಬೀಳುವ ಹಾಗೆ ಕಿರುಚುತ್ತಿದ್ದರು. ಉಣ್ಣದ ಈ ಮನುಷ್ಯನ ಬೆರಳು ಒಣಗಿತ್ತು. ಉಣ್ಣದೆಯೂ ಬೆರಳಿಗೆ ತುಪ್ಪ ಹತ್ತುವುದು ಯಾರಿಗೆ?

ಬಡಿಸುವವರಿಗೆ.

“ನಾನು ನೋಡಿದೆ,” ಎಂದರು ಮಧ್ವೇಶರು. “ಬಾಗಿಲು ಅರ್ಧ ತೆರೆದಿತ್ತು. ಮುಖ ಕಾಣಲಿಲ್ಲ, ಕೈ ಮಾತ್ರ. ಒಂದು ಕೈಯಲ್ಲಿ ತುಪ್ಪದ ಗಿಂಡಿ, ಇನ್ನೊಂದು ಕೈಯಲ್ಲಿ ಫೋನು. ಹೆಂಗಸಿನ ಕೈ. ನಮ್ಮ ಕೀರ್ತನ್‌ಗೆ ಒಳ್ಳೆಯದಾಗುತ್ತದಾದರೆ ಆಗಲಿ ಎಂದು ಸುಮ್ಮನಿದ್ದೆ. ಅದು ನನ್ನ ಎರಡನೆಯ ನಾಚಿಕೆಗೇಡು.”

“ಯಾರ ಕೈ?”

“ಗೊತ್ತಿಲ್ಲ. ಮೊಣಕೈಯ ಕೆಳಗೆ ಹಳೆಯ ಸುಟ್ಟ ಕಲೆ ಇತ್ತು. ಬಾಗಿದ ಕಲೆ. ಬಿಸಿ ಪಾತ್ರೆಯ ಕಂಠ ತಾಗಿದ ಹಾಗೆ.”

ಅಷ್ಟು ಹೊತ್ತು ವಾಶಿಯ ಕಡಲ ಖಾಡಿಯಾಚೆಗೂ ಕೇಳುತ್ತಿದ್ದ ಮುರಾರಿ ರಾಯರ ಬಾಯಿ ಮುಚ್ಚಿತು.

ಅರ್ಧ ಚಮಚ. ಅವರ ಎಲೆಗೆ ಅರ್ಧ ಚಮಚ ತುಪ್ಪ ಹಾಕಿ, ‘ಇನ್ನೂ’ ಎನ್ನುವ ಮೊದಲೇ ಮುಂದೆ ಹೋದ ಕೈ. ಇಡೀ ಲೋಕದಲ್ಲಿ ಅವರ ಕೊಲೆಸ್ಟ್ರಾಲಿನ ಲೆಕ್ಕ ಇಟ್ಟ ಕೈ ಒಂದೇ.

*

ಮೆಟ್ಟಿಲು ಇಳಿಯುವಾಗ ರಾಯರು ಸುಳ್ಳೊಂದನ್ನು ಹೊಲಿಯುತ್ತಿದ್ದರು. ಇತರರ ಸುಳ್ಳು ಬಿಚ್ಚಿಯೇ ಅಭ್ಯಾಸವಾದವರಿಗೆ ಹೊಲಿಗೆ ನೆಟ್ಟಗೆ ಬರಲಿಲ್ಲ. ಕಲೆ ಎಷ್ಟೋ ಜನರಿಗೆ ಇರುತ್ತದೆ, ಡಾಕ್ಟರ್ ಮತ್ತೆ ಸುಳ್ಳು ಹೇಳಿರಬಹುದು, ನಾಳೆಯೊಳಗೆ ಹುಡುಕುವುದು ಕಷ್ಟ. ಮುಕ್ತಾ ಯಾಕೆ ಹೀಗೆ ಮಾಡಿದಳು? ಈ ಹುಡುಗಿಯನ್ನು ಎತ್ತಿ ಆಡಿಸಿದವಳು! ನಾಳೆ ಬೇಲಾಪುರದಲ್ಲಿ ಮುಕ್ತಾಳನ್ನು ನಿಲ್ಲಿಸಿದರೆ ಹುಡುಗಿಗೆ ಫೆಲೋಶಿಪ್ ಉಳಿಯುತ್ತದೆ. ನಿಲ್ಲಿಸದಿದ್ದರೆ ಫ್ರೀಜರ್ ಖಾಲಿಯಾಗುತ್ತದೆ.

“ಸೌಜನ್ಯಾ,” ಎಂದು ಗೇಟಿನ ಹತ್ತಿರ ಗಂಟಲು ಸರಿಮಾಡಿಕೊಂಡರು. “ಆ ಕೈ ಯಾರದೆಂದು ಹುಡುಕಬೇಕಾದರೆ ಸ್ವಲ್ಪ...”

“ಹುಡುಕಬೇಡಿ ಮಾಮ.”

“ಆಂ?”

“ಕೇಸ್ ಇಲ್ಲಿಗೇ ಬಿಡಿ. ನಾನೇ ಎರಡು ಒತ್ತಿದೆ ಅಂತ ಫೌಂಡೇಶನ್ನಿಗೆ ಹೇಳಿಬಿಡ್ತೇನೆ. ಕೀರ್ತನ್‌ಗೆ ಸಿಗಲಿ.” ಅವಳ ಕಣ್ಣು ತುಂಬಿತ್ತು. ಆದರೆ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ಹೆದರಿಕೆ.

ರಾಯರು ಅವಳನ್ನು ದಿಟ್ಟಿಸಿದರು. ಬೆಳಿಗ್ಗೆ ಬ್ಯಾಗಿನ ಜಿಪ್‌ನಿಂದ ಎತ್ತದ ತಲೆ. ಠಾಣೆಯಲ್ಲಿ ಉತ್ತರ ಕೊಡದೆ ಓಡಿದ ಓಟ. ತಾವು ಇವಳಿಂದ ಒಂದು ಹೆಸರು ಮುಚ್ಚಿಡುತ್ತಿದ್ದೇವೆ ಎಂದುಕೊಂಡಿದ್ದರು. ಮುಚ್ಚಿಟ್ಟದ್ದು ಇವಳು.

“ಕ್ಯಾಂಪಿನಲ್ಲಿ ಆ ಕೈಯಿಂದ ನೀನು ರಕ್ತ ತೆಗೆದಿದ್ದೀಯಾ?”

“ಯಾರ ರಕ್ತ ತೆಗೆದೆ ಅಂತ ನಾವು ಹೇಳುವ ಹಾಗಿಲ್ಲ ಮಾಮ. ರೂಲ್ಸ್ ಇದೆ. ರಿಪೋರ್ಟ್ ಅವರಿಗೆ ಮಾತ್ರ. ಈ ಹಂತದಲ್ಲಿ ಅವರೇ ಬೇಡ ಅಂದರೆ ಮನೆಯಲ್ಲಿ ಯಾರಿಗೂ ಹೇಳುವ ಹಾಗಿಲ್ಲ. ಗಂಡನಿಗೂ...”

ಅವಳು ಥಟ್ಟನೆ ಬಾಯಿ ಮುಚ್ಚಿಕೊಂಡಳು. ರಾಯರು ಇನ್ನೂ ಯಾರ ಹೆಸರನ್ನೂ ಹೇಳಿರಲಿಲ್ಲ.

ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮುಕ್ತಾ.

“ಎಲ್ಲಿದ್ದೀರಿ ಇವರೇ? ಸಿಕ್ಕಿದನಾ ನಿಮ್ಮ ಕಳ್ಳ?”

ಬೂದಿಯಲ್ಲಿ ಬೀಡಿ ಮೂಸಿದ ರಾಯರು ಮೊದಲ ಬಾರಿಗೆ ಹೆಂಡತಿಯ ಮಾತಿಗಲ್ಲ, ಮಾತಿನ ನಡುವಿನ ಉಸಿರಿಗೆ ಕಿವಿ ಕೊಟ್ಟರು. ಎರಡು ಶಬ್ದಕ್ಕೊಮ್ಮೆ ಅದು ನಿಲ್ಲುತ್ತಿತ್ತು. ಬಾಗಿಲಲ್ಲಿ ನಿಂತು, ಗೋಡೆಗೆ ಕೈ ಕೊಟ್ಟು, ಆಮೇಲೆ ಒಳಗೆ ಬರುತ್ತಿದ್ದ ಹಾಗೆ.

“ಸಿಗಲಿಲ್ಲ,” ಎಂದರು.

ಆ ಕಡೆ ಚಮಚವೊಂದು ಪಾತ್ರೆಗೆ ತಾಗಿದ ಸದ್ದು ಕೇಳಿತು.

“ನಿಮಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ,” ಎಂದಳು ಮುಕ್ತಾ. “ಮನೆಗೆ ಬನ್ನಿ. ನಿಮಗೊಂದು ಹೇಳಬೇಕು. ಸಮಿತ್‌ನಿಗೆ ಮಾತ್ರ ಮದುವೆ ಮುಗಿಯುವವರೆಗೆ ಏನೂ... ಒಂದು ನಿಮಿಷ ಇರಿ, ಹಾಲು ಇಳಿಸಿ...”

ಡೊಂಬಿವಲಿಯ ಆ ಅಡುಗೆಮನೆಯಲ್ಲಿ ಒಂದು ಸ್ಟೀಲಿನ ಪಾತ್ರೆ ನೆಲಕ್ಕೆ ಬಿತ್ತು.

“ಮುಕ್ತಾ?”

ಪಾತ್ರೆ ಉರುಳುತ್ತಿತ್ತು. ಗೋಡೆಗೆ ತಾಗಿ, ತಿರುಗಿ, ಮತ್ತೆ ಉರುಳುತ್ತಿತ್ತು. ಸೌಜನ್ಯ ರಾಯರ ಕೈಯಿಂದ ಫೋನು ಕಸಿದುಕೊಂಡಳು. “ಮಾಮಿ! ಮಾಮಿ, ಮಾತಾಡಿ!”

ಪಾತ್ರೆಯ ಸದ್ದು ಮಾತ್ರ ಕೇಳುತ್ತಲೇ ಇತ್ತು. ಅದನ್ನು ಹಿಡಿದು ನಿಲ್ಲಿಸುವ ಕೈ ಇರಲಿಲ್ಲ.